ಯಾವುದಕ್ಕೆ ಹ್ಯಾಶ್, ಯಾವುದಕ್ಕೆ ಎನ್‌ಕ್ರಿಪ್ಷನ್: ಒಂದು ಹೋಂಸ್ಟೇ ಕೆಲಸದ ಅನುಭವ

ಕಕ್ಕಬ್ಬೆ ಕಡೆಯ ಒಂದು ಹೋಂಸ್ಟೇಗೆ ಬುಕಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟೆ. ಡೇಟಾಬೇಸ್ ಮಾಡುವಾಗ ಪ್ರತಿ ಕಾಲಂಗೂ ಒಂದೇ ಪ್ರಶ್ನೆ ಕೇಳಿಕೊಂಡೆ. ಇದನ್ನು ಮುಂದೆ ಯಾರಾದರೂ ಓದಬೇಕಾ, ಇಲ್ಲ ತಾಳೆ ನೋಡಿದರೆ ಸಾಕಾ? ಓದಬೇಕಾದ್ದಕ್ಕೆ ಎನ್‌ಕ್ರಿಪ್ಷನ್, ಅಂದರೆ ಕೀ ಎಂಬ ಗುಟ್ಟಿನ ಸಂಖ್ಯೆ ಇದ್ದವರು ಮತ್ತೆ ಬಿಡಿಸಿ ಓದಬಹುದಾದ ಗುಪ್ತ ರೂಪ. ತಾಳೆ ಸಾಕಾದ್ದಕ್ಕೆ ಹ್ಯಾಶ್, ಅಂದರೆ ಮೂಲಕ್ಕೆ ಹಿಂದಿರುಗಿಸಲಾಗದಂತೆ ಲೆಕ್ಕ ಹಾಕಿ ತೆಗೆದ ಗುರುತು.

ಪಾಸ್‌ವರ್ಡ್ ತಾಳೆಯಾದರೆ ಸಾಕು. ಅದಕ್ಕೆ ಬಿಕ್ರಿಪ್ಟ್ ಹ್ಯಾಶ್ ಹಾಕಿದೆ. 1999ರ ಹಳೇ ವಿಧಾನ, ಆದರೂ ಇಂಥ ಕೆಲಸಕ್ಕೆ ಧಾರಾಳ ಸಾಕು. ಅದು ಬೇಕೆಂದೇ ನಿಧಾನ. ಲಾಗಿನ್ ಆಗುವವರಿಗೆ ಆ ತಡ ಗೊತ್ತೇ ಆಗುವುದಿಲ್ಲ. ಡೇಟಾ ಕದ್ದು ಒಂದೊಂದೇ ಪಾಸ್‌ವರ್ಡ್ ಊಹಿಸುವವನಿಗೆ ಮಾತ್ರ ಪ್ರತಿ ಸಲವೂ ಅಷ್ಟು ಹೊತ್ತು ಹಿಡಿಯುತ್ತದೆ. ಪ್ರತಿ ಪಾಸ್‌ವರ್ಡ್‌ಗೂ ಬೇರೆ ಬೇರೆ ಸಾಲ್ಟ್ (ಮನಬಂದಂತೆ ಆರಿಸಿದ ಒಂದು ತುಣುಕು) ಸೇರುವುದರಿಂದ, ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟರೂ ಹ್ಯಾಶ್ ಬೇರೆಯೇ ಬರುತ್ತದೆ.

ಒಂದು ದಿನ ಮನೆಯ ಯಜಮಾನಿಯ ಫೋನ್. "ಪಾಸ್‌ವರ್ಡ್ ಮರೆತೇ ಹೋಯ್ತು ಮಾರಾಯ, ಸ್ವಲ್ಪ ನೋಡಿ ಹೇಳು."

"ನನಗೂ ಕಾಣೋದಿಲ್ಲ ಅಕ್ಕ. ಹೊಸದು ಹಾಕಿಕೊಳ್ಳಿ."

"ನೀನೇ ಮಾಡಿದ್ದಲ್ವಾ?"

ಕಾಣಬಾರದು ಅಂತಲೇ ಹಾಗೆ ಮಾಡಿದ್ದು ಅಂದೆ. ಅವರಿಗೆ ಅಷ್ಟೇನೂ ಸಮಾಧಾನ ಆಗಲಿಲ್ಲ.

ಅತಿಥಿಗಳ ಮೊಬೈಲ್ ನಂಬರನ್ನೂ ಹ್ಯಾಶ್ ಮಾಡಿಬಿಡು ಅಂತ ಗೆಳೆಯನೊಬ್ಬ ಹೇಳಿದ. ನಾನು ಒಪ್ಪಲಿಲ್ಲ. ಮಂಜು ಕವಿದ ಸಂಜೆ ದಾರಿ ತಪ್ಪಿದವರಿಗೆ ಫೋನ್ ಮಾಡಬೇಕಾದರೆ ಹ್ಯಾಶ್ ಇಟ್ಟುಕೊಂಡು ಏನು ಮಾಡುವುದು? ಅದು ಬಿಡಿ, ಅಲ್ಲಿ ಗುಟ್ಟೂ ಉಳಿಯುವುದಿಲ್ಲ. ನಮ್ಮ ಮೊಬೈಲ್ ನಂಬರಿಗೆ ಹತ್ತು ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಅಂದರೆ ಇರುವುದೇ ಹೆಚ್ಚೆಂದರೆ 400 ಕೋಟಿ ನಂಬರ್. ಎಸ್‌ಎಚ್‌ಎ-256 ಅನ್ನುವ ಸಾಮಾನ್ಯ ಹ್ಯಾಶ್ ತುಂಬಾ ವೇಗದ್ದು. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅಷ್ಟನ್ನೂ ಹ್ಯಾಶ್ ಮಾಡಿ ಹೋಲಿಸಲು ಕೆಲವು ಸೆಕೆಂಡು ಸಾಕು. ಹ್ಯಾಶನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ, ನಿಜ. ಆದರೆ ಇಲ್ಲಿ ತಿರುಗಿಸುವ ಅಗತ್ಯವೇ ಇಲ್ಲ.

ಹಾಗಾಗಿ ಮೊಬೈಲ್ ನಂಬರಿಗೆ ಎಇಎಸ್-256 ಎನ್‌ಕ್ರಿಪ್ಷನ್, ಜಿಸಿಎಂ ಅನ್ನುವ ವಿಧಾನದಲ್ಲಿ. ಪಾಸ್‌ಪೋರ್ಟ್ ನಂಬರಿಗೂ ಅದೇ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ವಿವರ ಸರ್ಕಾರಕ್ಕೆ ಸಲ್ಲಿಸಬೇಕು, ಹಾಗಾಗಿ ಅದನ್ನು ಮತ್ತೆ ಓದಲೇಬೇಕು.

ಇಲ್ಲಿ ನಿಜವಾದ ತಲೆನೋವು ಕೀ ಎಲ್ಲಿಡುವುದು ಅನ್ನುವುದು. ಡೇಟಾಬೇಸ್ ಜೊತೆಗೇ ಇಟ್ಟರೆ ಎನ್‌ಕ್ರಿಪ್ಟ್ ಮಾಡಿಯೂ ಸುಮ್ನೆ. ಕಳೆದುಕೊಂಡರೆ ಡೇಟಾ ಹೋದಂತೆಯೇ. ನಾನು ಸರ್ವರ್‌ನಲ್ಲಿ ಬೇರೆ ಜಾಗದಲ್ಲಿಟ್ಟೆ, ಬ್ಯಾಕಪ್ಪಿಗೆ ಸೇರಿಸಲಿಲ್ಲ. ಒಂದು ಪ್ರತಿ ಕಾಗದದಲ್ಲಿ ಅಕ್ಕನ ಬ್ಯಾಂಕ್ ಲಾಕರ್‌ನಲ್ಲಿದೆ.

ಇನ್ನೊಂದು ತೊಡಕು ಹುಡುಕುವುದು. ಜಿಸಿಎಂನಲ್ಲಿ ಪ್ರತಿ ಸಲ ಹೊಸ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ) ಬಳಸಬೇಕು, ಆದ್ದರಿಂದ ಅದೇ ನಂಬರ್ ಪ್ರತಿ ಸಲ ಬೇರೆಯಾಗಿ ಕಾಣುತ್ತದೆ. ಹಳೇ ಅತಿಥಿ ಮತ್ತೆ ಬಂದರೆ ಪತ್ತೆ ಹೇಗೆ? ಅದಕ್ಕೆ ಪಕ್ಕದಲ್ಲೇ ಒಂದು ಎಚ್‌ಮ್ಯಾಕ್ ಕಾಲಂ ಇಟ್ಟೆ. ಅದೂ ಹ್ಯಾಶೇ, ಆದರೆ ಗುಟ್ಟಿನ ಕೀ ಬೆರೆಸಿದ್ದು. ಆ ಕೀ ಸಿಗದವನಿಗೆ 400 ಕೋಟಿಯ ಲೆಕ್ಕ ನಡೆಯುವುದಿಲ್ಲ.

ಆಧಾರ್ ಸಂಖ್ಯೆಗೆ ಕಾಲಂ ಇಡಲೇ ಇಲ್ಲ. ಕಾರ್ಡ್ ನೋಡಿ ಕೊನೆಯ ನಾಲ್ಕು ಅಂಕಿ ಬರೆದುಕೊಂಡರೆ ನಮ್ಮ ಕೆಲಸಕ್ಕೆ ಸಾಕು.