ಹೂಮಳೆಯ ಕಥೆ ಹೇಳಿ ಫ್ರೆಂಚ್ ಕಲಿತದ್ದು

ಕೊಡಗಿನ ಸುಂಟಿಕೊಪ್ಪ, ವಿರಾಜಪೇಟೆ ಕಡೆಯಿಂದ ಫ್ರಾನ್ಸಿಗೆ ಓದಲು ಹೊರಟ ಮಕ್ಕಳು ನನ್ನ ಹತ್ತಿರ ಬಂದಾಗ ಹೆಚ್ಚಾಗಿ ಒಂದೇ ಮಾತು ಹೇಳುತ್ತಾರೆ. "ಅಕ್ಕಾ, ಪರೀಕ್ಷೆಯೆಲ್ಲ ಪಾಸಾಗಿದೆ, ಆದ್ರೆ ಮಾತೇ ಹೊರಡಲ್ಲ." ನನ್ನ ಮಾತು ಹೊರಟದ್ದು ಫ್ರಾನ್ಸಿನ ಮಾಂಪೆಲಿಯೆ ಊರಿನ ಭಾಷಾ ವಿನಿಮಯದ ಸಂಜೆಗಳಲ್ಲಿ. ಹೇಗೆ ಅಂತ ಬರೆಯುತ್ತೇನೆ.

ಒಂದು ಕೆಫೆಯಲ್ಲಿ ಜನ ಸೇರುತ್ತಾರೆ. ಎದುರಿಗೆ ಕೂತವರಿಗೆ ಇಂಗ್ಲಿಷ್ ಬೇಕು, ನಮಗೆ ಫ್ರೆಂಚ್ ಬೇಕು. ಕಾಲು ಗಂಟೆ ಅದು, ಕಾಲು ಗಂಟೆ ಇದು. ಈ ಲೆಕ್ಕ ಸಡಿಲ ಬಿಡಬೇಡಿ. ಇಬ್ಬರಲ್ಲಿ ಯಾರ ಇಂಗ್ಲಿಷ್ ಚೆನ್ನಾಗಿದ್ದರೂ ಮಾತು ತಾನಾಗಿ ಆ ಕಡೆಗೇ ಜಾರುತ್ತದೆ. ನಾನು ಫೋನಿನಲ್ಲಿ ಅಲಾರಂ ಇಟ್ಟು ಮೇಜಿನ ಮೇಲೇ ಇಡುತ್ತಿದ್ದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಜಾಗ ಹಿಡಿಯುವಾಗ ಮೂಲೆಯ ಮೇಜು ನೋಡಿ. ಗದ್ದಲದ ಮಧ್ಯೆ ಹೊಸ ಭಾಷೆ ಕಿವಿಗೆ ಬೀಳುವುದೇ ಇಲ್ಲ. ಅವರ ಆಡುಮಾತು ಪುಸ್ತಕದ ಹಾಗೂ ಇರುವುದಿಲ್ಲ. 'ನನಗೆ ಗೊತ್ತಿಲ್ಲ' ಅನ್ನಲು ಪುಸ್ತಕದಲ್ಲಿ 'ಜ ನ ಸೆ ಪಾ' ಅಂತ ಇರುತ್ತದೆ, ಅವರು 'ಶೆ ಪಾ' ಅಂದು ಮುಗಿಸುತ್ತಾರೆ.

ಹೆಸರು, ಊರು, ಏನು ಓದುತ್ತಿದ್ದೀಯ, ಇಷ್ಟು ಎರಡು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಏನು ಮಾತಾಡುವುದು? ನಾನು ಮಾಡಿದ್ದು ಇಷ್ಟೇ: ನನಗೆ ಚಿಕ್ಕಂದಿನಿಂದ ಗೊತ್ತಿರುವ ಒಂದು ವಿಷಯ ಆರಿಸಿಕೊಂಡು, ಅದನ್ನೇ ಎಲ್ಲರಿಗೂ ಹೇಳಿದೆ. ನನ್ನದು ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ.

ಮಾರ್ಚ್ ಹೊತ್ತಿಗೆ ಒಣಗಿ ನಿಂತ ರೋಬಸ್ಟಾ ಕಾಫಿ ತೋಟಕ್ಕೆ ಒಂದು ಇಂಚು ಮಳೆ ಬೀಳಬೇಕು. ಬಿದ್ದ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯಂಥ ವಾಸನೆ. ಅರಳಿದ ದಿನವೇ ಮತ್ತೆ ಮಳೆ ಬಂದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಇಷ್ಟು ಹೇಳುವಷ್ಟರಲ್ಲಿ ಎದುರಿನವರ ಪ್ರಶ್ನೆ ಶುರು. ಮಳೆ ಬರದಿದ್ದರೆ? ಸ್ಪ್ರಿಂಕ್ಲರ್ ಹಾಕುತ್ತೇವೆ. ನೀರು ಎಲ್ಲಿಂದ? ತೋಟದ ಕೆರೆಯಿಂದ. ಎಷ್ಟು ಮಳೆ ಅಂತ ಹೇಗೆ ಗೊತ್ತಾಗುತ್ತದೆ? ನಮ್ಮಲ್ಲಿ ಮನೆಯಂಗಳದಲ್ಲೇ ಅಳತೆ ಇಟ್ಟು ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡುತ್ತಾರಲ್ವಾ? ಅಲ್ಲಿ ಎಲ್ಲ ಮಿಲಿಮೀಟರು. ಒಂದು ಇಂಚು ಅಂದರೆ 25.4. ಹಾಗೆ ಮಳೆ ಲೆಕ್ಕ ಹೇಳುತ್ತಲೇ ಫ್ರೆಂಚ್ ಸಂಖ್ಯೆಗಳೆಲ್ಲ ನಾಲಿಗೆಗೆ ಹತ್ತಿದವು.

ಆ ದಿನ ಉತ್ತರ ಹೊಳೆಯದ ಪ್ರಶ್ನೆಗಳನ್ನು ರೂಮಿಗೆ ಬಂದು ಬರೆದುಕೊಳ್ಳುತ್ತಿದ್ದೆ, ಉತ್ತರವನ್ನು ಮುಂದಿನ ಸಂಜೆ ಬೇರೆಯವರಿಗೆ ಹೇಳುತ್ತಿದ್ದೆ. ಕಥೆ ಅದೇ, ಕೇಳುವವರು ಹೊಸಬರು. ವ್ಯಾಕರಣವೂ ಅದರೊಳಗೇ ಬಂತು. ಹೋದ ವರ್ಷ ಮಳೆ ತಪ್ಪಿತು, ಈ ವರ್ಷ ಬರುತ್ತದೆ, ಬಂದಿದ್ದರೆ ಸಾಲ ತೀರುತ್ತಿತ್ತು. ಭೂತ, ಭವಿಷ್ಯತ್ತು, 'ಇದ್ದರೆ' ಎಲ್ಲ ಒಂದೇ ತೋಟದಲ್ಲಿ ಸಿಕ್ಕಿದ ಮೇಲೆ ವ್ಯಾಕರಣದ ಪಟ್ಟಿ ಉರು ಹೊಡೆಯುವುದು ಯಾಕೆ?

ಮಾಂಪೆಲಿಯೆಯಲ್ಲಿ ಈ ಕಥೆಗೆ ಕಿವಿಗಳೂ ಜಾಸ್ತಿ. ಬಿಸಿಲು ನಾಡುಗಳ ಬೆಳೆಗಳ ಮೇಲೆ ಕೆಲಸ ಮಾಡುವ ಸಿರಾದ್ ಸಂಸ್ಥೆಯ ದೊಡ್ಡ ಕೇಂದ್ರ ಇರುವುದು ಅಲ್ಲೇ. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು ನಮ್ಮ ಪೊನ್ನಂಪೇಟೆ ಅರಣ್ಯ ಕಾಲೇಜಿನ ಜೊತೆ ಸೇರಿ ಕೊಡಗಿನ ತೋಟಗಳ ನೆರಳು ಮರಗಳ ಬಗ್ಗೆ ಅಧ್ಯಯನ ಮಾಡಿದ್ದಾರೆ. ಕೃಷಿ ಓದುತ್ತಿದ್ದ ಒಬ್ಬ ಹುಡುಗಿ, ಸಿಲ್ವರ್ ಓಕ್ ಜಾಸ್ತಿಯಾಗಿ ಕಾಡುಮರ ಕಡಿಮೆಯಾದದ್ದು ಯಾಕೆ ಅಂತ ಕೇಳಿದಳು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಮೆಣಸು ಬಳ್ಳಿಯಿಂದ ನೆರಳು ಮರದ ಕೊಂಬೆ ಸವರುವ ಮರಗಸಿಯವರೆಗೆ ಎಲ್ಲ ಫ್ರೆಂಚಿನಲ್ಲೇ ಹೇಳಿಬಿಟ್ಟೆ. ಅವತ್ತಿಂದ ನಾವಿಬ್ಬರೂ 'ನೀವು' ಬಿಟ್ಟು 'ನೀನು'ಗೆ ಬಂದೆವು. ಅಲ್ಲೂ ನಮ್ಮ ಹಾಗೇ ಆ ಎರಡೂ ಇವೆ, ಆ ಒಂದು ವಿಷಯದಲ್ಲಿ ನಮಗೆ ಏನೂ ಕಷ್ಟವಿಲ್ಲ.

ತಿದ್ದುವುದಕ್ಕೆ ನನ್ನದೊಂದು ಕೋರಿಕೆ ಇತ್ತು. ಮಧ್ಯೆ ತಡೆಯಬೇಡಿ, ಚೀಟಿಯಲ್ಲಿ ಬರೆದು ಕೊನೆಗೆ ಕೊಡಿ. ಮಾತಿಗೆ ಮಾತಿಗೆ ತಿದ್ದಿಸಿಕೊಂಡರೆ ಯಾರ ಧೈರ್ಯ ಉಳಿಯುತ್ತದೆ? ಉಚ್ಚಾರ ಮಾತ್ರ ಅಲ್ಲೇ ಕೇಳಿ ಕಲಿಯಬೇಕು. ಅವರ 'ಯು' ಅಕ್ಷರದ ಸದ್ದು ಕನ್ನಡದಲ್ಲಿ ಇಲ್ಲ. ತುಟಿಯನ್ನು 'ಊ' ಅನ್ನುವ ಹಾಗೆ ಮುಂದೆ ಚಾಚಿ, ಒಳಗೆ 'ಈ' ಅನ್ನಿ. ಬರುತ್ತದೆ. ಕನ್ನಡಿ ಮುಂದೆ ಮಾಡಿದರೆ ಬೇಗ ಬರುತ್ತದೆ.

ಈಗ ಭಾನುವಾರ ಸಂಜೆ ಕೆಲವು ಮಕ್ಕಳು ನಮ್ಮ ಮನೆ ಜಗಲಿಗೆ ಬರುತ್ತಾರೆ. ಕೊಡವ ತಕ್ಕ್, ಕನ್ನಡ, ಮಲಯಾಳ ಮೂರನ್ನೂ ಒಂದೇ ಅಂಗಡಿ ಮುಂದೆ ಮಾತಾಡುವ ಮಕ್ಕಳು. ಇನ್ನೊಂದು ಭಾಷೆಗೆ ಹೆದರಬೇಕಾಗಿಲ್ಲ. ಒಬ್ಬೊಬ್ಬರೂ ತಮ್ಮದೊಂದು ಕಥೆ ಆರಿಸಿಕೊಂಡಿದ್ದಾರೆ. ಒಬ್ಬಳದು ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಭತ್ತದ ಕದಿರು ತೆಗೆಯುವುದು. ಸಿದ್ದಾಪುರ ಕಡೆಯ ಹುಡುಗನದು ತೋಟಕ್ಕೆ ಬರುವ ಆನೆ. ಬೇಲಿ ಹಾಕಬಾರದಾ ಅಂತ ಅಲ್ಲಿ ಎಲ್ಲರೂ ಕೇಳೇ ಕೇಳುತ್ತಾರೆ. ಅದಕ್ಕೇ ಈ ವಾರ ಕಂದಕ, ಸೋಲಾರ್ ಬೇಲಿ, ರೈಲು ಹಳಿಯ ಬೇಲಿ ಇವುಗಳ ಬಗ್ಗೆ ಫ್ರೆಂಚಿನಲ್ಲಿ ಹೇಳಲು ಅವನ ಜೊತೆ ಕೂತಿದ್ದೇನೆ.