ಸೈಡರ್ ಬಾಟಲಿಯ ಗ್ಯಾಸ್ ಎಲ್ಲಿ ಹೋಯಿತು?

ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಅಕ್ಟೋಬರ್ ಬಂತೆಂದರೆ ಎಲ್ಲೆಲ್ಲೂ ಸೇಬಿನದೇ ಕಾರುಬಾರು. ನಾನೂ ಸೈಡರ್, ಅಂದರೆ ಸೇಬಿನ ರಸ ಹುದುಗಿಸಿದ ಮದ್ಯ, ಮಾಡಲು ಡ್ಯಾಬಿನೆಟ್ ಸೇಬಿಗೆ ಒಂದಿಷ್ಟು ಬ್ರಾಮ್ಲಿ ಸೇಬು ಸೇರಿಸಿ ರಸ ಹಿಂಡುತ್ತೇನೆ. ಚಳಿಗಾಲವಿಡೀ ಹುದುಗಲು ಬಿಟ್ಟು, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.000ಕ್ಕಿಂತ ಕೆಳಗಿಳಿದು ಹಾಗೇ ನಿಂತ ಮೇಲೆ, ಅಂದರೆ ರಸದ ಸಕ್ಕರೆ ಮುಗಿದ ಮೇಲೆ, ಲೀಟರಿಗೆ 7 ಗ್ರಾಂ ಸಕ್ಕರೆ ಹಾಕಿ ಬಾಟಲಿ ಮುಚ್ಚುತ್ತೇನೆ. ಉಳಿದ ಈಸ್ಟ್ ಆ ಸಕ್ಕರೆ ತಿಂದು ಗ್ಯಾಸ್ ಹುಟ್ಟಿಸುತ್ತದೆ.

ಕಳೆದ ವರ್ಷದ ಸೈಡರ್ ಜೂನ್‌ನಲ್ಲಿ ಚೆನ್ನಾಗಿ ನೊರೆಯೇಳುತ್ತಿತ್ತು. ಆಗಸ್ಟ್ ಹೊತ್ತಿಗೆ ಕೆಲವು ಬಾಟಲಿ ಪೂರ್ತಿ ಸಪ್ಪೆ. ಹುಳಿ ಬಂದಿರಲಿಲ್ಲ, ವಾಸನೆಯೂ ಚೆನ್ನಾಗಿತ್ತು. ಗುಳ್ಳೆ ಮಾತ್ರ ಇಲ್ಲ.

ಇನ್ನೊಂದಿಷ್ಟು ಸಕ್ಕರೆ ಹಾಕು ಅಂತ ಸುಲಭವಾಗಿ ಹೇಳುತ್ತಾರೆ. ನಾನದನ್ನು ಒಪ್ಪುವುದಿಲ್ಲ. ಗ್ಯಾಸ್ ಹುಟ್ಟಲೇ ಇಲ್ಲವೋ, ಹುಟ್ಟಿ ಸೋರಿತೋ, ಅದು ಮೊದಲು ಗೊತ್ತಾಗಬೇಕು ಅಲ್ವಾ? ಅದಕ್ಕೇ ಪ್ರತಿ ಸಲ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯನ್ನೂ ತುಂಬಿಡುತ್ತೇನೆ. ಆಗಸ್ಟ್‌ನಲ್ಲೂ ಅದು ಹಿಚುಕಿದರೆ ಬಗ್ಗುತ್ತಿರಲಿಲ್ಲ. ಅಂದಮೇಲೆ ಈಸ್ಟೂ ಸರಿ, ಸಕ್ಕರೆಯೂ ಸರಿ. ಅನುಮಾನ ಮುಚ್ಚಳದ ಮೇಲೆ.

ಸಪ್ಪೆಯಾದವೆಲ್ಲ ತಂತಿ ಕ್ಲಿಪ್ಪಿನ ಗಾಜಿನ ಬಾಟಲಿಗಳು. ತೆರೆಯದ ಒಂದನ್ನು ತಲೆಕೆಳಗು ಮಾಡದೆ, ಮುಚ್ಚಳ ಮುಳುಗುವಷ್ಟು ನೀರಿರುವ ಬಕೆಟ್ಟಿನಲ್ಲಿ ನಿಲ್ಲಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಕೆಂಪು ರಬ್ಬರ್ ವಾಷರಿನ ಒಂದೇ ಪಕ್ಕದಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳತೊಡಗಿದವು. ವಾಷರ್ ಬಿಚ್ಚಿದರೆ, ಗಾಜಿನ ಅಂಚು ಕೂರುವ ಕಡೆ ಆಳವಾದ ಗೆರೆ. ಬೆರಳಲ್ಲಿ ಬಗ್ಗಿಸಿದಾಗ ಸಣ್ಣ ಸೀಳುಗಳು ಕಂಡವು. ಕುಕ್ಕರ್ ಗ್ಯಾಸ್ಕೆಟ್ ಹಳೆಯದಾದರೆ ವಿಷಲ್ ಬರುವುದಿಲ್ಲವಲ್ಲ, ಇದೂ ಅದೇ ಕಥೆ. ಒಂದು ಬಾಟಲಿಯ ಬಾಯಂಚಿನಲ್ಲಿ ಚಕ್ಕೆಯೇ ಎದ್ದಿತ್ತು. ಅದಕ್ಕೆ ಯಾವ ವಾಷರೂ ಕೂರದು, ಎಸೆಯಬೇಕು.

ಎಲ್ಲಕ್ಕೂ ಹೊಸ ವಾಷರ್ ಹಾಕಿದೆ. ಆಮೇಲೇ ಸಕ್ಕರೆಯ ಮಾತು. ಮತ್ತೆ ಹೈಡ್ರೋಮೀಟರ್ ಇಟ್ಟು 1.000ಕ್ಕಿಂತ ಕೆಳಗೇ ಇದೆ ಅಂತ ನೋಡಿಕೊಂಡು, ಲೀಟರಿಗೆ 6 ಗ್ರಾಂ ಸಕ್ಕರೆ, ಜೊತೆಗೆ ಚಿಟಿಕೆಗಿಂತ ಕಡಿಮೆ ಹೊಸ ಈಸ್ಟ್. ತಿಂಗಳುಗಟ್ಟಲೆ ಕೂತ ಹಳೇ ಈಸ್ಟಿಗೆ ಶಕ್ತಿ ಕಮ್ಮಿ. ಹೈಡ್ರೋಮೀಟರ್ 1.005 ತೋರಿಸಿದರೆ ಸಕ್ಕರೆ ಮುಟ್ಟಲೇಬೇಡಿ. ಒಳಗೆ ಮೊದಲೇ ಸಕ್ಕರೆ ಉಳಿದಿದೆ, ಇನ್ನಷ್ಟು ಸೇರಿದರೆ ಗಾಜು ಸಿಡಿಯಬಹುದು. 20 ಡಿಗ್ರಿ ಸುಮಾರಿನ ಕೋಣೆಯಲ್ಲಿ ಮೂರು ವಾರ ಇಟ್ಟ ಮೇಲೆ ನೊರೆ ವಾಪಸ್ ಬಂತು.

ಅರ್ಧಂಬರ್ಧ ಗ್ಯಾಸ್ ಉಳಿದಿದ್ದ ಬಾಟಲಿಗಳಿಗೆ ಸಕ್ಕರೆ ಹಾಕಲಿಲ್ಲ. ಹಾಕಿದರೆ ಅರ್ಧ ಸೈಡರ್ ಉಕ್ಕಿ ನೆಲಕ್ಕೆ ಹೋಗುತ್ತದೆ. ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟು, ಗಸಿ ಕದಡದಂತೆ ಬಗ್ಗಿಸಿ ಕುಡಿದೆವು.