ಮಳೆಗಾಲದಲ್ಲಿ ಇಲಿಯ ರಕ್ತ ಒಣಗಿಸಿದ್ದು: ನನ್ನ ಅನುಭವ

"ಆಗುಂಬೆ ಮಳೇಲಿ ಹಪ್ಪಳಾನೇ ಒಣಗಲ್ಲ, ನೀವು ಇಲಿ ರಕ್ತ ಒಣಗಿಸ್ತೀರಾ?" ಇಲಿಯಿಂದ ಮನುಷ್ಯರಿಗೆ ಹರಡುವ ಹ್ಯಾಂಟಾ ವೈರಸ್ ಹುಡುಕಲು ಇಲಿಯ ರಕ್ತವನ್ನು ಫಿಲ್ಟರ್ ಪೇಪರಿನ ಕಾರ್ಡಿನ ಮೇಲೆ ಒಣಗಿಸಿಡುವ ಮಾತೆತ್ತಿದಾಗ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದು. ಒಣಗಿತು. ಒಂದೇ ಇಲಿಯ ಸೀರಮ್ಮನ್ನೂ (ರಕ್ತದ ತಿಳಿ) ಕಾರ್ಡನ್ನೂ ಒಂದೇ ಎಲೈಸಾ (ಪ್ರತಿಕಾಯ ಪತ್ತೆಯ ಪರೀಕ್ಷೆ) ಪ್ಲೇಟಿನಲ್ಲಿ ಅಕ್ಕಪಕ್ಕ ಹಾಕಿ ನೋಡಿದರೆ ಹತ್ತಕ್ಕೆ ಒಂಬತ್ತು ಸಲ, ಅದಕ್ಕೂ ಹೆಚ್ಚು, ಉತ್ತರ ಒಂದೇ ಬರುತ್ತಿದೆ. ಅದೇ ಸಹೋದ್ಯೋಗಿ ಮೊನ್ನೆ ಒಣಗಿಸುವ ಪೆಟ್ಟಿಗೆಯ ಫೋಟೋ ಕಳಿಸಿ ಅಂದರು.

ನಮ್ಮ ಕಡೆ ಕಾಡಿನ ವೈರಸ್ ಅಂದರೆ ಎಲ್ಲರ ಕಣ್ಣೂ ಮಂಗನ ಮೇಲೆ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಿಂದ ಶುರುವಾದದ್ದು, 2019ರ ಅರಳಗೋಡಿನ ಸಾವುಗಳಾದ ಮೇಲಂತೂ ಕೇಳುವುದೇ ಬೇಡ. ಮಂಗ ಸತ್ತುಬಿದ್ದು ಸುದ್ದಿ ಕೊಡುತ್ತದೆ, ಇಲಿ ಕೊಡುವುದಿಲ್ಲ. ಹ್ಯಾಂಟಾ ಹೊತ್ತ ಇಲಿ ಆರಾಮಾಗಿ ಅಡಿಕೆ ತೋಟದಲ್ಲಿ ಓಡಾಡಿಕೊಂಡು ಉಚ್ಚೆಯಲ್ಲಿ ವೈರಸ್ ಚೆಲ್ಲುತ್ತಿರುತ್ತದೆ. ಇಲಿಯಲ್ಲಿ ಪ್ರತಿಕಾಯ ಹುಟ್ಟಿದರೂ ಈ ವೈರಸ್ ಜಾಗ ಬಿಡುವುದಿಲ್ಲ. ನಮಗೆ ಬೇಕಾದದ್ದೂ ಅದೇ: ರಕ್ತದಲ್ಲಿ ಪ್ರತಿಕಾಯ ಕಂಡ ಇಲಿಯ ಶ್ವಾಸಕೋಶಕ್ಕೆ ಮಾತ್ರ ಆರ್‌ಟಿ-ಪಿಸಿಆರ್ ಮಾಡಿದರೆ ಸಾಕು, ಎಲ್ಲಕ್ಕೂ ದುಡ್ಡು ಸುರಿಯಬೇಕಿಲ್ಲ.

ಮಳೆಗಾಲವನ್ನೇ ಆರಿಸಿಕೊಂಡದ್ದಕ್ಕೆ ಬೈಸಿಕೊಂಡಿದ್ದೇನೆ. ಆದರೆ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ ಹರಡುವ ಉಣುಗಿನ ಮರಿಗಳಿರುವ ಸೊಪ್ಪಿನಬೆಟ್ಟದಲ್ಲಿ ಉಣುಗು ಓಡಿಸುವ ಡೆಪಾ ಎಣ್ಣೆ ಬಳಿದುಕೊಂಡು ತರಗೆಲೆ ಮೇಲೆ ಕೂತು ಬೋನು ಇಡುವುದಕ್ಕಿಂತ ಉಂಬಳ ಕಚ್ಚಿಸಿಕೊಳ್ಳುವುದು ವಾಸಿ. ಉಂಬಳ ರಕ್ತ ಕುಡಿಯುತ್ತದೆ ಅಷ್ಟೆ, ಮಂಗನ ಕಾಯಿಲೆ ತರುವುದಿಲ್ಲ.

ಸೀರಮ್ಮು ಕೆಡದಂತೆ ತಣ್ಣಗಿಡಲು ಮೊದಲು ಎಲ್ಲರಂತೆ ನಾವೂ ದ್ರವ ಸಾರಜನಕವನ್ನೇ ನಂಬಿದ್ದು. ಪಶು ಆಸ್ಪತ್ರೆಯಲ್ಲಿ ವೀರ್ಯದ ಕಡ್ಡಿ ಇಡುವ ಸಣ್ಣ ಕ್ಯಾನು ಇದೆಯಲ್ಲ, ಅದು. ಹೊಸನಗರದ ಒಳರಸ್ತೆಗಳಲ್ಲಿ ಜೀಪು ಕುಲುಕಿದಷ್ಟೂ ಆವಿಯಾಗುತ್ತದೆ, ತುಂಬಿಸಲು ಮತ್ತೆ ಶಿವಮೊಗ್ಗಕ್ಕೇ ಓಡಬೇಕು. ಗಾಡಿ ಬಾಡಿಗೆ, ಡೀಸೆಲ್ಲು ಎಲ್ಲ ಸೇರಿ ವಾರಕ್ಕೆ ಎಂಟೊಂಬತ್ತು ಸಾವಿರ ಕರಗುತ್ತಿತ್ತು. ಡ್ರೈ ಐಸನ್ನು (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿಸಿದರೆ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಅರ್ಧವೂ ಉಳಿದಿರಲಿಲ್ಲ. ಪೆಟ್ಟಿಗೆ ಹೊಗೆಯಾಡುತ್ತದೆ ಅಂತ ಇನ್ನೊಂದು ಸಲ ಹತ್ತಿಸಿಕೊಳ್ಳಲೂ ಇಲ್ಲ. ಕೊನೆಗೆ ಒಂದು ಡೀಪ್ ಫ್ರೀಜರ್ ತಂದಿಟ್ಟೆವು. ಲೈನಿನ ಮೇಲೆ ಮರ ಬಿತ್ತು, ಮೂರು ದಿನ ಕರೆಂಟಿಲ್ಲ. ಒಂದು ಇಡೀ ಆಷಾಢದ ಸೀರಮ್ಮು ನಾರಿತು. ಆ ವರ್ಷದ ದುಡ್ಡೂ ಅಲ್ಲಿಗೆ ಮುಗಿಯಿತು.

ಆಮೇಲೆ ಕಾರ್ಡು. ಬಯಲುಸೀಮೆಯಲ್ಲಾದರೆ ಫ್ಯಾನಿನ ಕೆಳಗಿಟ್ಟರೆ ಆಯಿತು. ಇಲ್ಲಿ ಮೂರನೇ ದಿನಕ್ಕೆ ಬೂಷ್ಟು. ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ನೇತುಹಾಕಿದೆವು. ಒಣಗಿತೇನೋ ಹೌದು, ಆದರೆ ಹೊಗೆ ಕುಡಿದ ಕಾಗದ ಬಫರಿನಲ್ಲಿ (ಕಾರ್ಡು ನೆನೆಸುವ ದ್ರಾವಣ) ಚಹಾ ಬಣ್ಣ ಬಿಟ್ಟು, ಪ್ಲೇಟಿನಲ್ಲಿ ನೆಗೆಟಿವ್ ಇಲಿಯೂ ಪಾಸಿಟಿವ್ ಆಗಿ ಕೂತಿತು. ಬಲ್ಬಿನ ಪೆಟ್ಟಿಗೆ ಮಾಡೋಣವೆಂದರೆ ಈಗಿನ ಎಲ್‌ಇಡಿಯಲ್ಲಿ ಬಿಸಿಯೇ ಇಲ್ಲ. ಹಳೇ 40 ವ್ಯಾಟಿನ ಬಲ್ಬಿಗಾಗಿ ತೀರ್ಥಹಳ್ಳಿಯ ಅಂಗಡಿಗಳನ್ನೆಲ್ಲ ಜಾಲಾಡಿದ್ದೇನೆ. ಸಿಕ್ಕ ಮೇಲೆ ಕರೆಂಟು ಬೇಕಲ್ಲ!

ಗೆದ್ದದ್ದು ಇದು. ಮುಚ್ಚಳ ಬಿಗಿಯಾಗಿ ಕೂರುವ ದೊಡ್ಡ ಪ್ಲಾಸ್ಟಿಕ್ ಡಬ್ಬ, ತಳದಲ್ಲಿ ತಟ್ಟೆ ತುಂಬ ತೇವ ಹೀರುವ ಸಿಲಿಕಾ ಜೆಲ್, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಕಾರ್ಡು, ಪಕ್ಕದಲ್ಲಿ ಹಳೇ ಕಂಪ್ಯೂಟರಿನ 12 ವೋಲ್ಟಿನ ಫ್ಯಾನು, ಹೊರಗೆ ಸ್ಕೂಟರ್ ಬ್ಯಾಟರಿ. ಒಳಗಿನ ಗಾಳಿಯೇ ಜೆಲ್ ಮೇಲೆ ಸುತ್ತುತ್ತದೆ, ಹೊರಗಿನ ತೇವ ಒಳಗೆ ಬರುವುದಿಲ್ಲ. ಬಿಸಿ ಬೇಕಾಗಿಯೇ ಇರಲಿಲ್ಲ. ಮೂರು ನಾಲ್ಕು ಗಂಟೆಯಲ್ಲಿ ಚುಕ್ಕೆ ಕೆಂಪು ಹೋಗಿ ಕಾಫಿಪುಡಿ ಬಣ್ಣಕ್ಕೆ ಬರುತ್ತದೆ, ಬೆರಳಿಗೆ ತಣ್ಣಗೆ ತಾಗುವುದಿಲ್ಲ. ಅದಾದ ಮೇಲೆ ಹೊಸ ಜೆಲ್ ಜೊತೆ ಜಿಪ್ ಕವರಿಗೆ. ನೀಲಿ ಜೆಲ್ ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿ. ಆ ಬಾಣಲೆಯನ್ನು ಅಡುಗೆಗೆ ವಾಪಸ್ ಕೊಡಬೇಡಿ. ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿದಿದೆ.

ಕಾರ್ಡಿನ ಚುಕ್ಕೆಗೆ 6 ಮಿ.ಮೀ. ಪಂಚ್ ಹೊಡೆದರೆ ಹತ್ತಿರಹತ್ತಿರ 10 ಮೈಕ್ರೋಲೀಟರ್ ರಕ್ತ ಸಿಗುತ್ತದೆ. ಟ್ವೀನ್ (ಸೋಪಿನಂಥ ದ್ರವ) ಹಾಕಿದ ಉಪ್ಪುನೀರಿನ ಬಫರು ಪಿಬಿಎಸ್‌ನಲ್ಲಿ ರಾತ್ರಿಯಿಡೀ ನೆನೆಸಿ. ಬಫರಿಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮನುಷ್ಯರ ಕಿಟ್ಟು ತಂದು ಇಲಿಗೆ ಹಾಕಿ "ಎಲ್ಲ ನೆಗೆಟಿವ್" ಅಂದವರನ್ನು ನೋಡಿದ್ದೇನೆ. ಅದರ ಕಾಂಜುಗೇಟ್ (ಪ್ರತಿಕಾಯಕ್ಕಂಟಿ ಬಣ್ಣ ಬರಿಸುವ ವಸ್ತು) ಹಿಡಿಯುವುದು ಮನುಷ್ಯರ ಐಜಿಜಿ ಪ್ರತಿಕಾಯವನ್ನು, ಇಲಿಯದನ್ನಲ್ಲ. ಪ್ರತಿಕಾಯ ಹಿಡಿಯಲು ಬಳಸುವ ಪ್ರೋಟೀನ್ ಎ ಕೂಡ ಇಲಿಯ ಐಜಿಜಿಗೆ ಸರಿಯಾಗಿ ಅಂಟುವುದಿಲ್ಲ, ಪ್ರೋಟೀನ್ ಜಿ ವಾಸಿ. ದುಡ್ಡಿದ್ದರೆ ಇಲಿಯ ಐಜಿಜಿಯನ್ನೇ ಹಿಡಿಯುವ ಆಂಟಿ-ರ್‍ಯಾಟ್ ಕಾಂಜುಗೇಟನ್ನೇ ತರಿಸಿ.

ಶ್ವಾಸಕೋಶ ಕೆಡದಂತೆ ಇಡಲು ಅಂಗಡಿಯ ದ್ರಾವಣವಾದ ಆರ್‌ಎನ್‌ಎ ಲೇಟರ್ ಕೊಳ್ಳುವುದು ನಿಲ್ಲಿಸಿ ಬಹಳ ಕಾಲವಾಯಿತು. ಅಮೋನಿಯಂ ಸಲ್ಫೇಟ್, ಸೋಡಿಯಂ ಸಿಟ್ರೇಟ್, ಇಡಿಟಿಎ ಕರಗಿಸಿ ಪಿಎಚ್ 5.2ಕ್ಕೆ ತಂದರೆ ಅದೇ ಕೆಲಸ ಮಾಡುತ್ತದೆ, ಖರ್ಚು ನೂರರ ಲೆಕ್ಕದಲ್ಲಿ. ಗೊಬ್ಬರದಂಗಡಿಯ ಚೀಲದ ಅಮೋನಿಯಂ ಸಲ್ಫೇಟ್ ಮಾತ್ರ ಬೇಡ. ಶ್ವಾಸಕೋಶದ ತುಂಡು ಅವರೆಕಾಳಿಗಿಂತ ದೊಡ್ಡದಿರಬಾರದು, ದ್ರಾವಣ ಒಳಗಿಳಿಯುವುದಿಲ್ಲ.

ಬೋನಿನ ವಿಷಯಕ್ಕೆ ಬಂದರೆ, ಶರ್ಮನ್ ಬೋನು (ಮಡಚುವ ತಗಡಿನ ಪೆಟ್ಟಿಗೆ) ಒಂದಕ್ಕೆ ತೆತ್ತ ದುಡ್ಡಿನಲ್ಲಿ ಸಂತೆಯ ತಂತಿಬೋನು ಹದಿನೈದು ಬರುತ್ತವೆ. ತಂತಿಬೋನಿಗೆ ಅಡಿಕೆ ಹಾಳೆಯ ಮಾಡು ಕಟ್ಟಿ ಒಳಗೆ ಒಣಹುಲ್ಲು ತುರುಕದಿದ್ದರೆ ಬೆಳಗಾಗುವುದರೊಳಗೆ ಇಲಿ ಚಳಿಗೆ ಸತ್ತಿರುತ್ತದೆ. ಆಮಿಷಕ್ಕೆ ಒಣಸೀಗಡಿ ಹುರಿದಿಟ್ಟರೆ ಇರುವೆ ಮೊದಲು ಬರುತ್ತದೆ, ಗದ್ದೆಯಂಚಿನಲ್ಲಾದರೆ ಏಡಿಯೇ ಒಳಗೆ ಕೂತಿರುತ್ತದೆ. ತೋಟದ ಭಟ್ಟರು ಒಂದು ದಿನ ಅದನ್ನು ನೋಡಿ, "ಡಾಕ್ಟ್ರೇ, ಇದಕ್ಕೂ ರಕ್ತ ಪರೀಕ್ಷೆ ಉಂಟೋ?" ಅಂದರು. ಈಗ ಇರುವೆ ಮುಟ್ಟದ ಒಂದು ಪಾಕ ಸಿಕ್ಕಿದೆ, ಅದರಲ್ಲಿ ಕೊಬ್ಬರಿ ಇದೆ ಅನ್ನುವಷ್ಟು ಹೇಳಬಲ್ಲೆ. ಬೋನು ಬಿಚ್ಚುವಾಗ ಗಾಳಿಗೆ ಬೆನ್ನು, ಮುಖಕ್ಕೆ ಎನ್95, ಬೋನಿಗೆ ಬ್ಲೀಚು. ಇದರಲ್ಲಿ ಉಳಿತಾಯ ಬೇಡ.

ಇಲಿ, ಹೆಗ್ಗಣ ಸೇರಿ ಇನ್ನೂರರ ಆಸುಪಾಸು ಕಾರ್ಡು ಓದಿಸಿದ್ದೇವೆ. ಪ್ರತಿಕ್ರಿಯೆ ತೋರಿದ್ದು ಬೆರಳೆಣಿಕೆಯಷ್ಟು. ವೈರಸ್ಸಿನ ಜೀನ್ ಸೀಕ್ವೆನ್ಸ್ ಕೈಗೆ ಬರುವವರೆಗೆ ಅದು ಯಾವ ವೈರಸ್ ಅಂತ ನಾನು ಬಾಯಿ ಬಿಡುವುದಿಲ್ಲ.

ಬಾಕಿ ಉಳಿದದ್ದು ಸೊಂಡಿಲಿ. ಅದು ಇಲಿ ಜಾತಿಯೇ ಅಲ್ಲ, ಆದರೂ 1964ರಲ್ಲಿ ವೆಲ್ಲೂರಿನಲ್ಲಿ ಸೊಂಡಿಲಿಯಿಂದಲೇ ತೊಟ್ಟಪಾಳ್ಯಂ ವೈರಸ್ ಸಿಕ್ಕಿದ್ದು, ಹ್ಯಾಂಟಾ ಬಳಗಕ್ಕೆ ಹೆಸರು ಕೊಟ್ಟ ಕೊರಿಯಾದ ಹಾಂಟಾನ್‌ಗಿಂತ ಎಷ್ಟೋ ಮೊದಲು. ಹ್ಯಾಂಟಾ ಬಳಗದ್ದೆಂದು ಗೊತ್ತಾದದ್ದು ಮಾತ್ರ ಆಮೇಲೆ. ಹಾಂಟಾನ್ ಆಂಟಿಜೆನ್ (ಪ್ರತಿಕಾಯ ಅಂಟುವ ವೈರಸ್ ಪ್ರೋಟೀನ್) ಬಳಿದ ಪ್ಲೇಟಿನಲ್ಲಿ ತೊಟ್ಟಪಾಳ್ಯಂ ಪ್ರತಿಕಾಯವನ್ನು ಹಿಡಿಯುತ್ತೇವೆ ಅನ್ನುವುದು ಸುಳ್ಳು ಭರವಸೆ. ಹಾಗಾಗಿ ಮೂವತ್ತು ನಲವತ್ತು ಸೊಂಡಿಲಿ ಕಾರ್ಡುಗಳು ಓದಿಸದೆಯೇ ಡಬ್ಬದಲ್ಲಿವೆ, ಜೆಲ್ ಇನ್ನೂ ನೀಲಿಯಾಗಿದೆ. ತೊಟ್ಟಪಾಳ್ಯಂನ ರೀಕಾಂಬಿನೆಂಟ್ (ಲ್ಯಾಬಿನಲ್ಲಿ ತಯಾರಿಸಿದ) ಆಂಟಿಜೆನ್ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಪೆಟ್ಟಿಗೆಯ ಅಳತೆಯ ಜೊತೆ ಕೊಬ್ಬರಿ ಪಾಕವನ್ನೂ ಕೊಡುತ್ತೇನೆ.